ಮೃತರ ಸ್ವತ್ತಿಗೆ ಅಪ್ಪಣೆ ಯಾರದು?

ಹದಿಮೂರನೆಯ ದಿನದ ಊಟ ಮುಗಿದು, ದೂರದ ನೆಂಟರೆಲ್ಲ ಹೊರಟುಹೋದ ಮೇಲೆ ಸಾವಿನ ಮನೆಯಲ್ಲಿ ಒಂದು ಬಗೆಯ ಮೌನ ನೆಲಸುತ್ತದೆ. ಅಳುವವರು ಅತ್ತು ದಣಿದಿರುತ್ತಾರೆ. ಆಗ ಯಾರೋ ಹಿರಿಯರು ಗಂಟಲು ಸರಿಪಡಿಸಿಕೊಂಡು, ‘ಇನ್ನು ಕಾಗದಪತ್ರಗಳ ಮಾತು ಆಡಬೇಕಲ್ಲ’ ಎಂದು ಮೆಲ್ಲಗೆ ಆರಂಭಿಸುತ್ತಾರೆ. ಬೀರುವಿನ ಬೀಗದ ಕೈ ಎಲ್ಲಿದೆ? ಬ್ಯಾಂಕಿನ ಪುಸ್ತಕ ಯಾರ ಹತ್ತಿರ ಇದೆ? ವಾಚಕ ಮಹಾಶಯರೇ, ಈ ಪ್ರಶ್ನೆಗಳನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ಇಲ್ಲ. ನಾನು ಈ ಪ್ರಶ್ನೆಯನ್ನು ಮೊದಲು ಕೇಳಿದ್ದು 1998ರಲ್ಲಿ, ನಮ್ಮ ಅಕ್ಕನ ಮನೆಯ ಪಡಸಾಲೆಯಲ್ಲಿ.

ಭಾವನವರು ಇದ್ದಕ್ಕಿದ್ದಂತೆ ತೀರಿಕೊಂಡಿದ್ದರು. ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ಭಾವನವರು ಕೂಡಿಟ್ಟ ಅಷ್ಟಿಷ್ಟು ಹಣ ಒಂದೆರಡು ಕಡೆ ಠೇವಣಿಯಲ್ಲಿತ್ತು. ತಮ್ಮ ನಂತರ ಯಾರಿಗೆ ಎಂದು ಅವರು ಎಲ್ಲಿಯೂ ಹೆಸರು ಬರೆಸಿರಲಿಲ್ಲ. ಅಕ್ಕ ಮಗಳೊಬ್ಬಳನ್ನು ಕರೆದುಕೊಂಡು ಕಚೇರಿಗೆ ಹೋದರೆ, ‘ನ್ಯಾಯಾಲಯದಿಂದ ಕಾಗದ ತನ್ನಿ ಅಮ್ಮಾ’ ಎಂದು ಹೇಳಿ ಕಳುಹಿಸಿದರು. ಇತ್ತ ಮನೆಯಲ್ಲಿ ಭಾವನವರ ಕಡೆಯ ಹಿರಿಯರೊಬ್ಬರು ಬರೆಸಿ ತಂದಿದ್ದ ಒಂದು ಒಪ್ಪಿಗೆ ಪತ್ರವನ್ನು ಅವಳ ಮುಂದೆ ಇಟ್ಟು, ‘ಗಂಡುಮಕ್ಕಳಿಲ್ಲವಲ್ಲಮ್ಮ, ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ, ಇಲ್ಲಿ ಒಂದು ಸಹಿ ಹಾಕು’ ಎಂದರು. ಅವರ ದನಿಯಲ್ಲಿ ಕಠೋರತೆ ಇರಲಿಲ್ಲ. ಅದೇ ಸರಿಯಾದ ಕ್ರಮವೆಂದು ಅವರು ಮನಸಾರೆ ನಂಬಿದ್ದಂತೆ ಕಾಣುತ್ತಿತ್ತು. ಅಕ್ಕ ಸಹಿ ಹಾಕಲಿಲ್ಲ, ಹಾಕುವುದಿಲ್ಲವೆಂದೂ ಹೇಳಲಿಲ್ಲ. ಆ ಕಾಗದವನ್ನು ನನ್ನ ಕೈಗೆ ಕೊಟ್ಟು, ‘ನೀನು ಪಂಡಿತನಲ್ಲವೇನೋ, ಇದರಲ್ಲಿ ಏನಿದೆ, ಓದಿ ಹೇಳು’ ಎಂದಳು.

ಆಗತಾನೇ ಶಾಲೆಯ ಕೆಲಸಕ್ಕೆ ಸೇರಿದ್ದ ನನಗೆ ಹಳಗನ್ನಡ ಕಾವ್ಯಗಳ ಅನ್ವಯ ಗೊತ್ತಿತ್ತೇ ಹೊರತು ಆ ಕಾಗದದ ಭಾಷೆಯ ಅನ್ವಯ ಗೊತ್ತಿರಲಿಲ್ಲ. ಆದರೂ ‘ಗಂಡುಮಕ್ಕಳಿಲ್ಲವಲ್ಲ’ ಎಂಬ ಆ ಒಂದು ಮಾತು ನನ್ನ ಕಿವಿಯಲ್ಲಿ ನಿಂತುಬಿಟ್ಟಿತು. ಏಕೆಂದರೆ ಆ ಮಾತನ್ನು ನಾನು ಅದಕ್ಕೆ ಮೊದಲೇ ಕಲ್ಲಿನ ಮೇಲೆ ಓದಿದ್ದೆ. ನಮ್ಮ ಶಾಸನಗಳಲ್ಲಿ ಅದಕ್ಕೆ ‘ಅಪುತ್ರಿಕ’ ಎಂದು ಹೆಸರು.

ಸತ್ತವನ ಸ್ವತ್ತನ್ನು ಮುಟ್ಟುವುದಕ್ಕೆ ಯಾರ ಅಪ್ಪಣೆ ಬೇಕು? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಕನಿಷ್ಠಪಕ್ಷ ಒಂದೂವರೆ ಸಾವಿರ ವರ್ಷಗಳ ಚರಿತ್ರೆ ಇದೆ. ಆ ಚರಿತ್ರೆಯ ಒಂದು ಮುಖ್ಯವಾದ ಅಧ್ಯಾಯ ನಮ್ಮ ಕಲ್ಯಾಣದಲ್ಲಿ ನಡೆಯಿತು. ಇನ್ನೊಂದು ನಮ್ಮ ಕಿತ್ತೂರಿನಲ್ಲಿ ನಡೆಯಿತು. ಅದನ್ನು ತಮ್ಮ ಮುಂದೆ ಇಡಬೇಕೆಂಬುದು ಈ ಲೇಖನದ ಉದ್ದೇಶ. ಇಲ್ಲಿ ಹಿಂದೂ ಧರ್ಮಶಾಸ್ತ್ರದ ಎಳೆಯನ್ನು ಮಾತ್ರ ಹಿಡಿದಿದ್ದೇನೆ. ಮುಸಲ್ಮಾನರ ದಾಯಭಾಗದ ಕ್ರಮವೂ ತುಳುನಾಡಿನ ಅಳಿಯಸಂತಾನದ ಕಟ್ಟಳೆಯೂ ಬೇರೆ ಬೇರೆ ಬರಹಗಳಿಗೆ ತಕ್ಕ ವಿಷಯಗಳು.

ಮೊದಲು ಕಾಳಿದಾಸನ ಹತ್ತಿರ ಹೋಗೋಣ. ಬಸವಪ್ಪ ಶಾಸ್ತ್ರಿಗಳ ಕನ್ನಡದ ಮೂಲಕ ಶಾಕುಂತಲವನ್ನು ಬಲ್ಲವರು ಆರನೆಯ ಅಂಕವನ್ನು ನೆನೆದುಕೊಳ್ಳಬಹುದು. ಶಕುಂತಲೆಯನ್ನು ಮರೆತು ಕಳುಹಿಸಿಬಿಟ್ಟ ದುಷ್ಯಂತನಿಗೆ ಉಂಗುರ ಸಿಕ್ಕಿ ನೆನಪು ಮರಳಿದೆ. ಪಶ್ಚಾತ್ತಾಪದಲ್ಲಿ ಬೇಯುತ್ತಿದ್ದಾನೆ. ಆಗ ಮಂತ್ರಿಯಿಂದ ಒಂದು ಪತ್ರ ಬರುತ್ತದೆ. ಧನಮಿತ್ರನೆಂಬ ಸಮುದ್ರ ವ್ಯಾಪಾರಿ ಹಡಗು ಒಡೆದು ಸತ್ತಿದ್ದಾನೆ. ಅವನಿಗೆ ಮಕ್ಕಳಿಲ್ಲ. ಆದುದರಿಂದ ಅವನ ಅಪಾರವಾದ ಧನವು ರಾಜನಿಗೆ ಸೇರತಕ್ಕದ್ದು. ಮಂತ್ರಿಯು ಇದನ್ನು ದಿನನಿತ್ಯದ ಲೆಕ್ಕದಂತೆ ಬರೆದಿದ್ದಾನೆ. ಅವನು ತಪ್ಪು ಮಾಡಿದನೆಂದು ಹೇಳುವಂತಿಲ್ಲ, ಅಂದಿನ ನಿಯಮವೇ ಹಾಗಿದ್ದಿತು.

ಆದರೆ ದುಷ್ಯಂತನು ಅಲ್ಲಿಗೆ ಬಿಡಲಿಲ್ಲ. ಅಷ್ಟು ದೊಡ್ಡ ಶ್ರೀಮಂತನಿಗೆ ಹಲವರು ಪತ್ನಿಯರಿರಬೇಕು, ಅವರಲ್ಲಿ ಯಾರಾದರೂ ಗರ್ಭಿಣಿಯಾಗಿರುವಳೇ, ವಿಚಾರಿಸಿ ಎಂದನು. ವಿಚಾರಿಸಿದಾಗ, ಸಾಕೇತದ ಶ್ರೇಷ್ಠಿಯ ಮಗಳಾದ ಒಬ್ಬಳಿಗೆ ಆಗತಾನೇ ಪುಂಸವನ ಸಂಸ್ಕಾರ ಆಗಿದೆಯೆಂದು ತಿಳಿಯಿತು. ಹಾಗಾದರೆ ತಂದೆಯ ಸ್ವತ್ತಿಗೆ ಆ ಗರ್ಭವೇ ಅರ್ಹವೆಂದು ರಾಜನು ಅಪ್ಪಣೆ ಮಾಡಿದನು. ಬಸಿರಾದ ಹೆಂಡತಿಯನ್ನು ಹೊರಗಟ್ಟಿ ನೊಂದಿರುವ ಗಂಡಸಿನ ಬಾಯಲ್ಲಿ ಕವಿಯು ಈ ಪ್ರಶ್ನೆಯನ್ನು ಇಟ್ಟಿರುವುದು ಕಾವ್ಯದ ಮಾತು. ನಮಗೆ ಇಲ್ಲಿ ಬೇಕಾದುದು ಚರಿತ್ರೆಯ ಮಾತು. ರಾಜನು ಕೇಳಿದ ಪ್ರಶ್ನೆಯನ್ನು ತಾವು ಗಮನಿಸಬೇಕು. ‘ಸ್ವತ್ತು ಎಷ್ಟಿದೆ?’ ಎಂದು ಅವನು ಕೇಳಲಿಲ್ಲ. ‘ಆ ಮನೆಯಲ್ಲಿ ಯಾರು ಉಳಿದಿದ್ದಾರೆ?’ ಎಂದು ಕೇಳಿದನು. ಈ ಪ್ರಶ್ನೆಯನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನ ಕಥೆಯೆಲ್ಲ ತಿಳಿಯಾಗುತ್ತದೆ.

ಕಾವ್ಯದಲ್ಲಿ ಕಂಡ ಆ ನಿಯಮ ಬರಿಯ ಕಲ್ಪನೆಯಲ್ಲ. ನಮ್ಮ ಚಾಲುಕ್ಯ, ಹೊಯ್ಸಳ ಕಾಲದ ಶಾಸನಗಳಲ್ಲಿ ‘ಅಪುತ್ರಿಕ’ ಎಂಬುದು ಒಂದು ಆದಾಯದ ಬಾಬಿನ ಹೆಸರಾಗಿ ಬರುತ್ತದೆ. ಊರನ್ನು ದತ್ತಿ ಬಿಡುವಾಗ ನಿಧಿ ನಿಕ್ಷೇಪ ಸುಂಕ ದಂಡಗಳ ಸಾಲಿನಲ್ಲಿ ಮಗನಿಲ್ಲದವನ ಸ್ವತ್ತನ್ನೂ ಹೇಳುವ ಪದ್ಧತಿ ಇದ್ದಿತು. ಅಂದರೆ ಒಬ್ಬನ ಮನೆಯ ದುಃಖ ಮತ್ತೊಬ್ಬನ ಕಡತದಲ್ಲಿ ವರಮಾನ. ಹಾಗೆಂದು ಎಲ್ಲ ಶಾಸನಗಳೂ ಒಂದೇ ಬಗೆಯವಲ್ಲ. ಕೆಲವು ಊರುಗಳ ಕಟ್ಟಳೆಗಳಲ್ಲಿ ಮಗನಿಲ್ಲದೆ ಸತ್ತವನ ಸ್ವತ್ತು ಹೆಂಡತಿಗೆ, ಹೆಣ್ಣುಮಕ್ಕಳಿಗೆ, ದಾಯಾದರಿಗೆ ಸೇರಬೇಕೆಂದೂ ಅವರಾರೂ ಇಲ್ಲದಿದ್ದರೆ ಮಾತ್ರ ದೇವರಿಗೋ ಊರಿನ ಧರ್ಮಕಾರ್ಯಕ್ಕೋ ಸಲ್ಲಬೇಕೆಂದೂ ಬರೆದಿದೆ. ಗುಜರಾತಿನಲ್ಲಿ ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ ಆಳಿದ ಕುಮಾರಪಾಲನೆಂಬ ಅರಸು ಹೇಮಚಂದ್ರಾಚಾರ್ಯರ ಉಪದೇಶದ ಪ್ರಭಾವದಿಂದ ಈ ಬಗೆಯ ಆದಾಯವನ್ನೇ ಬಿಟ್ಟುಕೊಟ್ಟನೆಂದು ಅವನ ಕಾಲದ ಗ್ರಂಥಗಳು ಹೊಗಳುತ್ತವೆ. ಬಿಟ್ಟುಕೊಟ್ಟುದಕ್ಕೆ ಹೊಗಳಿಕೆ ಸಿಕ್ಕಿದುದರಿಂದಲೇ, ಬಿಡದೆ ತೆಗೆದುಕೊಳ್ಳುವ ವಾಡಿಕೆ ಎಷ್ಟು ಬಲವಾಗಿತ್ತೆಂಬುದು ವ್ಯಕ್ತವಾಗುತ್ತದೆ.

ಅರಸನೊಬ್ಬನು ಕರುಣೆಯಿಂದ ಬಿಟ್ಟರೆ ಅವನ ಮಗನು ಮತ್ತೆ ಹಿಡಿಯಬಹುದು. ಕರುಣೆಯ ಬದಲು ಹಕ್ಕು ಬೇಕು. ಆ ಹಕ್ಕಿನ ವಾದವನ್ನು ಶಾಸ್ತ್ರದ ಭಾಷೆಯಲ್ಲಿ ಕಟ್ಟಿ ನಿಲ್ಲಿಸಿದವರಲ್ಲಿ ಅಗ್ರಗಣ್ಯನು ನಮ್ಮ ವಿಜ್ಞಾನೇಶ್ವರ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. 1076ರಿಂದ 1126ರವರೆಗೆ ಅಲ್ಲಿ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಮಿತವಾದ ಅಕ್ಷರಗಳದು ಎಂದು ಹೆಸರಿಟ್ಟರೂ ಅದರ ಆಳ ಮಿತವಾದುದಲ್ಲ. ಬಂಗಾಳ, ಅಸ್ಸಾಮುಗಳನ್ನು ಬಿಟ್ಟರೆ ಬಹುಮಟ್ಟಿಗೆ ಇಡೀ ದೇಶದ ಹಿಂದೂ ಕುಟುಂಬಗಳ ಆಸ್ತಿ ವ್ಯವಹಾರಕ್ಕೆ ಆ ಗ್ರಂಥವೇ ಆಧಾರವಾಯಿತು.

ವಿಜ್ಞಾನೇಶ್ವರನ ಮೊದಲ ಮಾತು ‘ದಾಯ’ ಎಂಬ ಶಬ್ದದ ಅರ್ಥ. ಒಡೆಯನೊಡನೆ ಇರುವ ಸಂಬಂಧವೊಂದೇ ಕಾರಣವಾಗಿ ಯಾವ ಧನವು ಇನ್ನೊಬ್ಬನದಾಗುತ್ತದೆಯೋ ಅದೇ ದಾಯ ಎಂದು ಅವನ ಅಭಿಪ್ರಾಯ. ಸಂಬಂಧವೇ ಕಾರಣ, ರಾಜನ ಅಪ್ಪಣೆ ಅಲ್ಲ. ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸ್ವಾಮ್ಯ ಬರುತ್ತದೆ ಎಂಬುದು ಅವನ ಪ್ರಸಿದ್ಧವಾದ ಸಿದ್ಧಾಂತ. ಹೀಗಾಗಿ ಅವಿಭಕ್ತ ಕುಟುಂಬದಲ್ಲಿ ತಂದೆ ತೀರಿಕೊಂಡರೆ ಮಕ್ಕಳು ಯಾರ ಹತ್ತಿರವೂ ಪತ್ರ ತರಬೇಕಾಗಿರಲಿಲ್ಲ. ಸ್ವತ್ತು ಮೊದಲೇ ಅವರದೂ ಆಗಿತ್ತು.

ತೊಡಕು ಬರುವುದು ಮಗನಿಲ್ಲದ ಮನೆಯಲ್ಲಿ. ಯಾಜ್ಞವಲ್ಕ್ಯನು ಅಲ್ಲಿ ಒಂದು ಕ್ರಮವನ್ನು ಹೇಳಿದ್ದಾನೆ. ಮೊದಲು ಪತ್ನಿ, ಬಳಿಕ ಹೆಣ್ಣುಮಕ್ಕಳು, ಆಮೇಲೆ ತಾಯಿತಂದೆ, ಸೋದರರು, ಸೋದರರ ಮಕ್ಕಳು, ಗೋತ್ರಜರು, ಬಂಧುಗಳು, ಶಿಷ್ಯ, ಕೊನೆಗೆ ಸಹಪಾಠಿ. ಆದರೆ ಇತರ ಸ್ಮೃತಿವಾಕ್ಯಗಳು ಇದಕ್ಕೆ ಅಡ್ಡ ಬರುತ್ತಿದ್ದುವು. ಹೆಂಗಸರಿಗೆ ಅನ್ನವಸ್ತ್ರವನ್ನು ಕೊಟ್ಟು ಸ್ವತ್ತನ್ನು ರಾಜನು ತೆಗೆದುಕೊಳ್ಳಬಹುದೆಂಬ ಅರ್ಥದ ಮಾತು ನಾರದನಲ್ಲಿ ಇದೆ. ನಿಯೋಗಕ್ಕೆ ಒಪ್ಪಿದ ವಿಧವೆಗೆ ಮಾತ್ರ ಹಕ್ಕು ಎಂದು ಒಬ್ಬ ವ್ಯಾಖ್ಯಾನಕಾರನು ಹೇಳಿದ್ದನು. ಸ್ವತ್ತು ಅಲ್ಪವಾಗಿದ್ದರೆ ಮಾತ್ರ ಹೆಂಡತಿಗೆ ಎಂದು ಇನ್ನೊಬ್ಬನ ವಾದ. ಧನವಿರುವುದೇ ಯಜ್ಞಕ್ಕಾಗಿ, ಹೆಂಗಸಿಗೆ ಯಜ್ಞದ ಅಧಿಕಾರವಿಲ್ಲ, ಆದುದರಿಂದ ಧನವೂ ಇಲ್ಲ ಎಂದು ಮತ್ತೊಂದು ವಾದ.

ವಿಜ್ಞಾನೇಶ್ವರನು ಈ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಖಂಡಿಸುತ್ತಾನೆ. ನಾರದನ ಮಾತು ಮದುವೆಯಾದ ಪತ್ನಿಗೆ ಅನ್ವಯಿಸುವುದಿಲ್ಲ, ಇಟ್ಟುಕೊಂಡ ಸ್ತ್ರೀಯರಿಗೆ ಅನ್ವಯಿಸತಕ್ಕದ್ದು ಎನ್ನುತ್ತಾನೆ. ಧನವು ಯಜ್ಞಕ್ಕೆ ಮಾತ್ರ ಎಂದರೆ ದಾನವೇ ಮುಂತಾದ ಉಳಿದ ಧರ್ಮಗಳಿಗೂ, ಅರ್ಥಕಾಮಗಳಿಗೂ ಗತಿಯೇನು ಎಂದು ಕೇಳುತ್ತಾನೆ. ಕೊನೆಗೆ, ವಿಭಾಗವಾಗಿ ಬೇರೆಯಿದ್ದು ಮಗನಿಲ್ಲದೆ ಸತ್ತವನ ಸಮಸ್ತ ಧನವನ್ನೂ ಸಾಧ್ವಿಯಾದ ಪತ್ನಿಯೇ ಮೊದಲು ಪಡೆಯುತ್ತಾಳೆ ಎಂದು ನಿರ್ಣಯಿಸುತ್ತಾನೆ. ಈ ನಿರ್ಣಯಕ್ಕೆ ಮಿತಿಗಳುಂಟು, ಮರೆಮಾಚಬೇಕಾಗಿಲ್ಲ. ಅವಿಭಕ್ತ ಕುಟುಂಬದ ವಿಧವೆಗೆ ಅವನೂ ಜೀವನಾಂಶಕ್ಕಿಂತ ಹೆಚ್ಚು ಕೊಡಲಿಲ್ಲ. ಆದರೂ ಆ ಕಾಲಕ್ಕೆ ಅದೊಂದು ದೊಡ್ಡ ಹೆಜ್ಜೆ. ಹೆಣ್ಣಿಗೆ ದಾಯವಾಗಿ ಬಂದುದು, ಕೊಂಡುದು, ಪಾಲಿನಲ್ಲಿ ಸಿಕ್ಕಿದುದು ಎಲ್ಲವೂ ಸ್ತ್ರೀಧನವೇ ಎಂದು ಅವನು ಇನ್ನೂ ಒಂದು ಮಾತು ಸೇರಿಸಿದನು. ಈ ಮಾತನ್ನು ಸ್ವಲ್ಪ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಏಳು ನೂರು ವರ್ಷ ಮುಂದಕ್ಕೆ, ಧಾರವಾಡಕ್ಕೂ ಬೆಳಗಾವಿಗೂ ನಡುವಿನ ಕಿತ್ತೂರಿಗೆ ಬರೋಣ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡನು. ಅವನಿಗೆ ಮಕ್ಕಳಿರಲಿಲ್ಲ. ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡಿರುವುದಾಗಿ ಬರೆದ ಪತ್ರ ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಗೆ ತಲುಪಿತು. ಥ್ಯಾಕರೆ ಆ ದತ್ತುವನ್ನು ನಂಬಲಿಲ್ಲ. ಕುಂಪಣಿ ಸರಕಾರದ ಅಪ್ಪಣೆ ಇಲ್ಲದ ದತ್ತು ಸಲ್ಲದೆಂದು ಹೇಳಿ, ಕಿತ್ತೂರಿಗೆ ಬಂದು ಅರಮನೆಯ ಖಜಾನೆಗೆ ಮೊಹರು ಹಾಕಿಸಿ ಕಾವಲಿಟ್ಟನು.

ಆ ಮನೆಯಲ್ಲಿ ಯಾರು ಉಳಿದಿದ್ದರು? ಸತ್ತವನ ಹೆಂಡತಿ ವೀರವ್ವ ಇದ್ದಳು. ಮಲತಾಯಿ ಚೆನ್ನಮ್ಮ ಇದ್ದಳು. ದತ್ತುಮಗನಾದ ಹುಡುಗನಿದ್ದನು. ದುಷ್ಯಂತನು ಕೇಳಿದ ಪ್ರಶ್ನೆಯನ್ನು ಥ್ಯಾಕರೆ ಕೇಳಿದ್ದರೆ ಉತ್ತರ ಬಾಗಿಲಲ್ಲೇ ನಿಂತಿತ್ತು. ಅವನು ಕೇಳಲಿಲ್ಲ. ಮುಂದಿನದು ನಮ್ಮ ಶಾಲೆಯ ಮಕ್ಕಳಿಗೂ ಬಾಯಿಪಾಠ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಕಾದಾಟವಾಗಿ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರವರಿಯಲ್ಲಿ ತೀರಿಕೊಂಡಳು. ಆ ದತ್ತುಮಗನ ಪಕ್ಷ ಹಿಡಿದು ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ನಾವು ಇದನ್ನು ಸ್ವಾತಂತ್ರ್ಯದ ಕಿಡಿಯೆಂದು ಓದುತ್ತೇವೆ, ಅದು ಸರಿ. ಆದರೆ ಸತ್ತವನ ಪೆಟ್ಟಿಗೆಯ ಮೇಲೆ ಮನೆಯವರನ್ನು ಕೇಳದೆ ಹಾಕಿದ ಒಂದು ಅರಗಿನ ಮುದ್ರೆಯಿಂದಲೂ ಈ ಕಿಡಿ ಹಾರಿತೆಂಬುದನ್ನು ಮರೆಯಬಾರದು. ನಾಲ್ಕು ದಶಕಗಳ ತರುವಾಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಾಡಿಕೊಂಡ ದತ್ತುವನ್ನು ಆಂಗ್ಲ ಸರಕಾರ 1867ರಲ್ಲಿ ಒಪ್ಪಿತು. ಆ ಒಪ್ಪಿಗೆಯಿಂದಲೇ 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಸಂಸ್ಥಾನ ಮರಳಿ ಬಂದಿತು. ಒಂದು ಒಪ್ಪಿಗೆ ಇದ್ದುದರ ಮತ್ತು ಇಲ್ಲದುದರ ಅಂತರ ಎಷ್ಟೆಂಬುದನ್ನು ಈ ಎರಡು ಸಂಸ್ಥಾನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಇದು ಸಂಸ್ಥಾನಗಳ ಮಾತಾಯಿತು. ಜನಸಾಮಾನ್ಯರ ಮನೆಯ ಮಾತೇನು? ಚಮತ್ಕಾರವೆಂದರೆ, ಕಿತ್ತೂರಿನ ಯುದ್ಧದ ಕಾಲಕ್ಕೆ ಮುಂಬಯಿಯ ಗವರ್ನರನಾಗಿದ್ದ ಎಲ್ಫಿನ್‌ಸ್ಟನ್ನನ ಹೆಸರಿನ ಸಂಹಿತೆಯಲ್ಲಿಯೇ ಅದಕ್ಕೆ ಉತ್ತರ ದೊರೆಯುತ್ತದೆ. 1827ರ ಮುಂಬಯಿಯ ಎಂಟನೆಯ ರೆಗ್ಯುಲೇಷನ್ನು ವಾರಸುದಾರರಿಗೆ ನ್ಯಾಯಾಲಯದ ಮಾನ್ಯತೆ ಕೊಡುವ ಸಲುವಾಗಿಯೇ ಆದುದು. ಮುಂದೆ ಮುಂಬಯಿ ಕರ್ನಾಟಕದ ಜಿಲ್ಲೆಗಳಲ್ಲಿಯೂ ಅದು ನಡೆಯಿತು. ಅದರ ಮೊದಲ ಮಾತೇ ಹಿತವಾಗಿದೆ. ವಾರಸುದಾರನು ನ್ಯಾಯಾಲಯದ ಮುಂಚಿನ ಅಪ್ಪಣೆ ಇಲ್ಲದೆಯೇ ಸತ್ತವನ ಸ್ವತ್ತನ್ನು ವಹಿಸಿಕೊಳ್ಳಬಹುದು. ಆದರೆ ಅವನ ಹಕ್ಕನ್ನು ಯಾರಾದರೂ ಶಂಕಿಸಿದರೆ, ಅಥವಾ ಸಾಲ ಕೊಡಬೇಕಾದವರು ಹಿಂಜರಿದರೆ, ಅವನು ಅರ್ಜಿ ಹಾಕಿ ಪತ್ರ ಪಡೆಯಬಹುದು. ಅರ್ಜಿ ಬಂದ ಕೂಡಲೇ ನ್ಯಾಯಾಧೀಶನು ಒಂದು ಜಾಹೀರುನಾಮೆ ಹೊರಡಿಸಬೇಕು. ತಕರಾರಿದ್ದವರು ಒಂದು ತಿಂಗಳೊಳಗೆ ಬಂದು ಹೇಳಬೇಕು.

ಹೀಗೆ ‘ಆ ಮನೆಯಲ್ಲಿ ಯಾರು ಉಳಿದಿದ್ದಾರೆ?’ ಎಂಬ ದುಷ್ಯಂತನ ಪ್ರಶ್ನೆ ಒಬ್ಬ ಅರಸನ ಮನಸ್ಸಿನ ಮಾತಾಗಿ ಉಳಿಯದೆ, ಊರಿಗೆಲ್ಲ ಕೇಳುವಂತೆ ಹೊರಡಿಸಬೇಕಾದ ಪ್ರಶ್ನೆಯಾಯಿತು. ಬಳಿಕ ಇಡೀ ದೇಶಕ್ಕೆ ಕಾಯಿದೆಗಳು ಒಂದರ ಮೇಲೊಂದು ಬಂದುವು. ಸತ್ತವನಿಗೆ ಬರಬೇಕಾದ ಸಾಲಗಳ ವಸೂಲಿಗೆ 1860ರಲ್ಲಿ ಒಂದು ಕಾಯಿದೆ ಆಯಿತು. ಅದರ ಸ್ಥಾನದಲ್ಲಿ 1889ರಲ್ಲಿ ವಾರಸು ಪ್ರಮಾಣಪತ್ರದ ಕಾಯಿದೆ ಬಂದಿತು. ಹಿಂದೂಗಳ ಉಯಿಲುಗಳಿಗೆ 1870ರಲ್ಲಿ, ಪ್ರೊಬೇಟು ಮತ್ತು ಆಡಳಿತ ಪತ್ರಗಳಿಗೆ 1881ರಲ್ಲಿ ಕಾಯಿದೆಗಳಾದುವು. 1925ರಲ್ಲಿ ಇವೆಲ್ಲವನ್ನೂ ಭಾರತೀಯ ಉತ್ತರಾಧಿಕಾರ ಅಧಿನಿಯಮವೆಂಬ ಒಂದೇ ಹೊದಿಕೆಯಲ್ಲಿ ಕಟ್ಟಿದರು. ತಿದ್ದುಪಡಿಗಳೊಡನೆ ಇಂದಿಗೂ ಅದೇ ನಡೆಯುತ್ತಿದೆ.

ಈ ಹೆಸರುಗಳ ಅರ್ಥವನ್ನು ಬಿಡಿಸಿ ಹೇಳುವುದು ಮೇಷ್ಟರ ಚಟ, ಕ್ಷಮಿಸಬೇಕು. ‘ಉಯಿಲು’ ಎಂದು ಮೈಸೂರು ಸೀಮೆಯವರು ಹೇಳುವ ಶಬ್ದ ಇಂಗ್ಲಿಷಿನ ‘ವಿಲ್’ ಎಂಬುದರ ತದ್ಭವ. ಧಾರವಾಡದ ಕಡೆ ಅದನ್ನೇ ‘ಮೃತ್ಯುಪತ್ರ’ ಎನ್ನುತ್ತಾರೆ. ‘ವಾರಸು’ ಅರಬ್ಬೀ ಮೂಲದ್ದು. ಉಯಿಲಿನಲ್ಲಿ ಹೆಸರಿಸಿದ ನಿರ್ವಾಹಕನಿಗೆ, ಈ ಉಯಿಲು ನಿಜವೆಂದು ನ್ಯಾಯಾಲಯ ಕೊಡುವ ಮುದ್ರೆಯೇ ಪ್ರೊಬೇಟು. ಉಯಿಲಿಲ್ಲದಿದ್ದರೆ, ಅಥವಾ ಉಯಿಲಿದ್ದೂ ನಿರ್ವಾಹಕನಿಲ್ಲದಿದ್ದರೆ, ಕೊಡುವುದು ಆಡಳಿತ ಪತ್ರ. ಬ್ಯಾಂಕಿನ ಠೇವಣಿ, ಬರಬೇಕಾದ ಸಾಲ, ಷೇರು ಮುಂತಾದುವನ್ನು ಪಡೆಯುವುದಕ್ಕೆ ಕೊಡುವುದು ವಾರಸು ಪ್ರಮಾಣಪತ್ರ.

ಇವುಗಳ ಒಳಗಿನ ತತ್ತ್ವ ಬಹಳ ಜನಕ್ಕೆ ಗೊತ್ತಿಲ್ಲ. ಪ್ರೊಬೇಟು ಅಥವಾ ಆಡಳಿತ ಪತ್ರ ಪಡೆದವನ ವಶಕ್ಕೆ ಸ್ವತ್ತು ಬರುವುದು ನಿರ್ವಾಹಕನೆಂಬ ನೆಲೆಯಲ್ಲಿ ಮಾತ್ರ, ಅನುಭವಿಸುವುದಕ್ಕಾಗಿ ಅಲ್ಲ. ಅವನು ಆರು ತಿಂಗಳೊಳಗೆ ಸ್ವತ್ತಿನ ಪಟ್ಟಿಯನ್ನು, ಒಂದು ವರ್ಷದೊಳಗೆ ಲೆಕ್ಕವನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು. ವಾರಸು ಪ್ರಮಾಣಪತ್ರವೂ ಹಾಗೆಯೇ. ಅದನ್ನು ನಂಬಿ ಹಣ ಕೊಟ್ಟ ಕಚೇರಿಗೆ ರಕ್ಷಣೆ ಸಿಗುತ್ತದೆ. ಆದರೆ ಪಡೆದುಕೊಂಡವನು ಉಳಿದ ಹಕ್ಕುದಾರರ ಪಾಲನ್ನು ಹಂಚಿಕೊಡಬೇಕಾದ ಹೊಣೆಯಿಂದ ಬಿಡುಗಡೆ ಹೊಂದುವುದಿಲ್ಲ. ಒಂದೇ ಮಾತಿನಲ್ಲಿ ಹೇಳುವುದಾದರೆ, ಅಪ್ಪಣೆ ಎಂಬುದು ಒಡೆತನವಲ್ಲ, ಅದೊಂದು ಹೊರೆ.

ಕಾಗದ ಪಡೆಯುವ ದಾರಿ ಹೀಗೆ ನೆಟ್ಟಗಾಯಿತು. ಆದರೆ ಕಾಗದದಲ್ಲಿ ಯಾರ ಹೆಸರನ್ನು ಬರೆಯಬೇಕು? ಇಲ್ಲಿ ನಮ್ಮ ಕಲ್ಯಾಣದ ಪಂಡಿತನು ಮತ್ತೆ ಬರುತ್ತಾನೆ. 1810ರಲ್ಲಿ ಕೋಲ್‌ಬ್ರುಕ್ ಎಂಬ ವಿದ್ವಾಂಸನು ಮಿತಾಕ್ಷರೆಯ ದಾಯಭಾಗವನ್ನು ಇಂಗ್ಲಿಷಿಗೆ ತಂದನು. ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ವಿಜ್ಞಾನೇಶ್ವರನ ವಾಕ್ಯಗಳನ್ನು ಮುಂದಿಟ್ಟು ವಾದಗಳು ನಡೆದುವು. ಆದರೆ ಅವನ ಎಲ್ಲ ಮಾತನ್ನೂ ಅವರು ಒಪ್ಪಲಿಲ್ಲ. ಗಂಡನಿಂದ ದಾಯವಾಗಿ ಬಂದ ಸ್ವತ್ತು ಸ್ತ್ರೀಧನವಲ್ಲ ಎಂದರು. ವಿಧವೆಯು ಬದುಕಿರುವ ತನಕ ಅನುಭವಿಸಬಹುದು. ಆದರೆ ಅನಿವಾರ್ಯ ಕಾರಣವಿಲ್ಲದೆ ಮಾರುವಂತಿಲ್ಲ, ಅವಳು ಸತ್ತ ಮೇಲೆ ಅದು ಗಂಡನ ವಾರಸುದಾರರಿಗೆ ಹೋಗತಕ್ಕದ್ದು. ಕಲ್ಯಾಣದಲ್ಲಿ ತೆರೆದಿದ್ದ ಬಾಗಿಲು ಲಂಡನ್ನಿನಲ್ಲಿ ಅರ್ಧ ಮುಚ್ಚಿತು.

ಅದನ್ನು ಮತ್ತೆ ತೆರೆಯುವುದಕ್ಕೆ ಬಹಳ ಕಾಲ ಹಿಡಿಯಿತು. ಈ ಕಾರ್ಯದಲ್ಲಿ ಮೈಸೂರು ಸಂಸ್ಥಾನವು ಮುಂದಾಯಿತೆಂಬುದು ನಮಗೆ ಹೆಮ್ಮೆಯ ವಿಷಯ. 1933ರ ಮೈಸೂರಿನ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಅವಿಭಕ್ತ ಕುಟುಂಬದ ಪಾಲುಪಟ್ಟಿಯಲ್ಲಿ ವಿಧವೆ, ತಾಯಿ, ಮದುವೆಯಾಗದ ಮಗಳು, ಮದುವೆಯಾಗದ ಸೋದರಿ ಇವರಿಗೂ ಅಂಶವನ್ನು ಕೊಟ್ಟಿತು. ಬ್ರಿಟಿಷ್ ಭಾರತದಲ್ಲಿ 1937ರಲ್ಲಿ ವಿಧವೆಗೆ ಮಗನಷ್ಟೇ ಪಾಲು ದೊರೆಯಿತು, ಆದರೆ ಜೀವಮಾನದ ಮಟ್ಟಿಗೆ ಮಾತ್ರ. ಕೊನೆಗೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಬಂದಿತು. ಉಯಿಲಿಲ್ಲದೆ ಸತ್ತ ಗಂಡಸಿನ ಸ್ವಂತ ಸ್ವತ್ತಿನಲ್ಲಿ ಹೆಂಡತಿ, ಮಗ, ಮಗಳು, ತಾಯಿ ಇವರಿಗೆ ಸಮಾನವಾದ ಪಾಲು ಎಂದಿತು. ದಾಯದಿಂದಾಗಲಿ ಪಾಲಿನಿಂದಾಗಲಿ ಕ್ರಯದಿಂದಾಗಲಿ ಹೆಣ್ಣಿನ ವಶಕ್ಕೆ ಬಂದ ಸ್ವತ್ತಿಗೆ ಅವಳೇ ಪೂರ್ಣ ಒಡತಿ ಎಂದು ಅದರ ಹದಿನಾಲ್ಕನೆಯ ಪ್ರಕರಣ ಸಾರಿತು. ತಾವು ತೆಗೆದಿಟ್ಟುಕೊಂಡಿದ್ದ ವಿಜ್ಞಾನೇಶ್ವರನ ಮಾತನ್ನು ಈಗ ಹೊರತೆಗೆದು ಹೋಲಿಸಿ ನೋಡಿ. ಎಂಟು ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ದೆಹಲಿಯ ಸಂಸತ್ತು ಕಲ್ಯಾಣದ ಪಂಡಿತನ ಮಾತಿಗೆ ಬಂದು ಸೇರಿತು. ಮುಂದೆ 1994ರಲ್ಲಿ ಕರ್ನಾಟಕದ ತಿದ್ದುಪಡಿಯೂ 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿಯೂ ಬಂದು, ಮಗನಿಗೆ ಮಾತ್ರ ಇದ್ದ ಹುಟ್ಟಿನ ಹಕ್ಕು ಮಗಳಿಗೂ ಆಯಿತು. ಅದರಲ್ಲಿ ವಿಜ್ಞಾನೇಶ್ವರನನ್ನೂ ದಾಟಿ ನಾವು ಮುಂದೆ ಬಂದಿದ್ದೇವೆ.

ಈಗ ಅಕ್ಕನ ಪಡಸಾಲೆಗೆ ಹಿಂತಿರುಗೋಣ. ಆ ಒಪ್ಪಿಗೆ ಪತ್ರವನ್ನು ನಾನು ಒಬ್ಬ ಪರಿಚಿತ ವಕೀಲರಿಗೆ ತೋರಿಸಿದೆ. ಅವರು ಓದಿ, ‘ಮೇಷ್ಟ್ರೇ, ಇದು ನೋಡಿಕೊಳ್ಳುವುದಕ್ಕೆ ಕೊಡುವ ಒಪ್ಪಿಗೆಯಲ್ಲ, ಹಕ್ಕನ್ನು ಬಿಟ್ಟುಕೊಡುವ ಒಪ್ಪಿಗೆ’ ಎಂದರು. ಕಾಗದದ ನಡುವೆ ಎಲ್ಲೋ ಒಂದು ಸಾಲಿನಲ್ಲಿ ಆ ಮಾತು ಅಡಗಿತ್ತು. ಅಪ್ಪಣೆಗೂ ಒಪ್ಪಿಗೆಗೂ ಬಿಡುಗಡೆಗೂ ಇರುವ ವ್ಯತ್ಯಾಸವನ್ನು ನಿಘಂಟಿನಲ್ಲಿ ನಾನು ಬಲ್ಲೆನೇ ವಿನಾ ಬದುಕಿನಲ್ಲಿ ಕಂಡದ್ದು ಅಂದೇ. ಅಕ್ಕನಿಗೆ ಓದಿ ಹೇಳಿದೆ. ಅವಳು ಸಹಿ ಹಾಕಲಿಲ್ಲ. ಬದಲಾಗಿ ವಾರಸು ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಳು.

ಅರ್ಜಿಯಲ್ಲಿ ಭಾವನವರು ಸತ್ತ ದಿನ, ವಾಸದ ಊರು, ಮನೆಯವರ ಹೆಸರುಗಳು, ಹಣದ ವಿವರ ಎಲ್ಲವನ್ನೂ ಬರೆಯಬೇಕಾಯಿತು. ಆಗ ನಮಗೆ ಇನ್ನೊಂದು ಸಂಗತಿ ತಿಳಿಯಿತು. ಹಕ್ಕುದಾರರು ಮೂವರಲ್ಲ, ನಾಲ್ವರು. ಅಕ್ಕ, ಇಬ್ಬರು ಹೆಣ್ಣುಮಕ್ಕಳು, ಮತ್ತು ಭಾವನವರ ವೃದ್ಧ ತಾಯಿ. ನಮ್ಮ ಪಕ್ಷದ ಗದ್ದಲದಲ್ಲಿ ನಾವೂ ಅವರನ್ನು ಮರೆತಿದ್ದೆವು. ಒಳಕೋಣೆಯಲ್ಲಿ ಹಾಸಿಗೆಯ ಮೇಲೆ ಕುಳಿತು ಜಪಸರ ಎಣಿಸುತ್ತಿದ್ದ ಆ ಹಿರಿಯಮ್ಮನಿಗೂ ಮಗನ ಸ್ವತ್ತಿನಲ್ಲಿ ಕಾಲು ಪಾಲು ಇದೆಯೆಂದು ಯಾರೂ ಅವರಿಗೆ ಹೇಳಿರಲಿಲ್ಲ. ‘ಆ ಮನೆಯಲ್ಲಿ ಯಾರು ಉಳಿದಿದ್ದಾರೆ?’ ಎಂಬ ಪ್ರಶ್ನೆಯನ್ನು ನಾನೂ ಪೂರ್ತಿಯಾಗಿ ಕೇಳಿರಲಿಲ್ಲವೆಂದು ಇಂದಿಗೂ ನಾಚಿಕೆಯಾಗುತ್ತದೆ.

ತಿಂಗಳುಗಳು ಕಳೆದುವು. ನೋಟೀಸು ಹೊರಟಿತು, ಪತ್ರಿಕೆಯಲ್ಲಿಯೂ ಪ್ರಕಟವಾಯಿತು. ಒಪ್ಪಿಗೆ ಪತ್ರ ತಂದಿದ್ದ ಹಿರಿಯರು ತಕರಾರು ಹಾಕಲಿಲ್ಲ. ವಿಚಾರಣೆಯ ದಿನ ಅಕ್ಕ ಅತ್ತೆಯ ಕೈ ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಿಸಿದಳು. ಸೊಸೆಯ ಹೆಸರಿಗೆ ಪತ್ರ ಕೊಡುವುದಕ್ಕೆ ಒಪ್ಪಿಗೆಯೇ ಎಂದು ಕೇಳಿದಾಗ ಆ ಹಿರಿಯಮ್ಮ ಹೇಳಿದ್ದು ಇಷ್ಟು: ‘ಅವನು ಇದ್ದಾಗ ಸಂಬಳ ತಂದು ಯಾರ ಕೈಗೆ ಕೊಡ್ತಿದ್ದನೋ ಈಗಲೂ ಅವಳ ಕೈಗೇ ಕೊಡಿ ಸ್ವಾಮಿ. ನನಗೆ ಗಂಜಿ ಕಾಯಿಸೋಳೂ ಅವಳೇ.’ ಅದನ್ನು ಬರೆದುಕೊಂಡು, ಓದಿ ಹೇಳಿ, ಅವರ ಹೆಬ್ಬೆಟ್ಟಿನ ಗುರುತು ಹಾಕಿಸಿಕೊಂಡರು. ಅದೂ ಒಂದು ಒಪ್ಪಿಗೆಯೇ. ಆದರೆ ಏನನ್ನು ಕೊಡುತ್ತಿದ್ದೇನೆಂದು ತಿಳಿದು ಕೊಟ್ಟ ಒಪ್ಪಿಗೆ. ಹಣ ಬಂದ ಮೇಲೆ ಅಕ್ಕ ಅತ್ತೆಯ ಪಾಲನ್ನು ಅವರ ಹೆಸರಿನಲ್ಲಿಯೇ ಬೇರೆ ಇಟ್ಟಳು.

ವಾಚಕ ಮಹಾಶಯರೇ, ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆಯನ್ನು ನಾವ್ಯಾರೂ ಸುಳ್ಳು ಮಾಡಲಾರೆವೇನೋ. ಆದರೆ ಅದರ ಕಹಿಯನ್ನು ಕಡಮೆ ಮಾಡಬಹುದು. ಸಂಜೆ ರೇಡಿಯೋದ ಕಾರ್ಯಕ್ರಮ ಮುಗಿದ ಮೇಲೆ ಒಂದು ದಿನ ಮನೆಯವರೆಲ್ಲ ಕೂಡಿರುವಾಗ ಒಂದು ನೋಟುಪುಸ್ತಕ ತೆಗೆದುಕೊಂಡು, ಯಾವ ಹಣ ಎಲ್ಲಿದೆ, ಯಾರ ಹೆಸರು ಬರೆಸಿದೆ, ಯಾವ ಪತ್ರ ಯಾವ ಪೆಟ್ಟಿಗೆಯಲ್ಲಿದೆ ಎಂದು ಬರೆದಿಡಿ. ಬದುಕಿರುವಾಗ ಈ ಮಾತು ಅಪಶಕುನವೆಂದು ಹೆದರಬೇಡಿ. ಸತ್ತ ಮೇಲೆ ಅದನ್ನು ಆಡುವವರಿಗೆ ಅದು ಇನ್ನೂ ಕಷ್ಟ. ಮನೆಯ ಹೆಂಗಸರ ಮುಂದೆ ಸಹಿಗಾಗಿ ಒಂದು ಕಾಗದ ಬಂದರೆ, ಅದನ್ನು ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಲೇಖನಿ ಕೊಡಿ.

ಅಕ್ಕ ಆ ಹಳೆಯ ಒಪ್ಪಿಗೆ ಪತ್ರವನ್ನು ಹರಿದುಹಾಕಲಿಲ್ಲ. ನ್ಯಾಯಾಲಯದ ಪ್ರಮಾಣಪತ್ರದ ಕೆಳಗೆ ಅದನ್ನೂ ಮಡಿಸಿ ಬೀರುವಿನಲ್ಲಿ ಇಟ್ಟಿದ್ದಾಳೆ. ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ಎರಡನ್ನೂ ತೆಗೆದು ಅವರಿಗೆ ಓದಿಸಿದಳು. ಬೀರುವಿನ ಬೀಗದ ಕೈ ಈಗಲೂ ಅವಳ ಸೆರಗಿನ ತುದಿಯಲ್ಲಿಯೇ ಇದೆ.